ದರ್ಜಿ ಅತ್ತಿಗೆ ಕತ್ತರಿಸಿದ ಗುಮ್ಮಟ

ಪಿಜ್ಜಾ ಒಲೆಯ ಗುಮ್ಮಟ ಎರಡನೇ ಸಲವೂ ಕುಸಿದಾಗ, ಗಾರೆ ಕೆಲಸದ ಮೈದುನ ಕರಣೆಯನ್ನು ಬಕೆಟ್ಟಿಗೆ ಎಸೆದು ಹಿತ್ತಿಲ ಮೆಟ್ಟಿಲ ಮೇಲೆ ಕುಕ್ಕರಿಸಿದ. ಸೊಂಟದೆತ್ತರದ ಕಟ್ಟೆಯೊಂದು ಮಾತ್ರ ಗಟ್ಟಿಯಾಗಿ ನಿಂತಿತ್ತು.

"ಅತ್ತಿಗೆ, ಮೇಲೊಂದು ಚಪ್ಪಡಿ ಎಳೆದುಬಿಡೋಣ. ತಲೆ ಮೇಲೆ ಏನಿದೆ ಅಂತ ಪಿಜ್ಜಾಕ್ಕೇನು ಗೊತ್ತಾಗತ್ತೆ?"

"ಪಿಜ್ಜಾಕ್ಕೆ ಗೊತ್ತಾಗದಿದ್ರೂ ಬೆಂಕಿಗೆ ಗೊತ್ತಾಗತ್ತಪ್ಪ. ಗುಂಡಗಿದ್ರೆ ಉರಿ ಸುತ್ತಿ ಬರತ್ತೆ. ಇಲ್ದಿದ್ರೆ ಮೂಲೆ ಹಿಡಿದು ಕೂತ್ಕೊಳ್ಳತ್ತೆ, ನಿಮ್ಮಣ್ಣನ ಹಾಗೆ."

ಅಣ್ಣ, ಅಂದರೆ ಅತ್ತಿಗೆಯ ಗಂಡ, ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಶಾಲೆಯ ಬಸ್ಸು ಓಡಿಸುವವನಿಗೆ ವಾರಕ್ಕೊಂದೇ ರಜೆ. ಕೇಳಿಸಿದರೂ ಕೇಳಿಸದವನಂತೆ ಹಾಳೆ ಮಗುಚಿದ.

ಅವಳು ಮೂವತ್ತು ವರ್ಷದಿಂದ ಬೀದಿ ಬದಿಯ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೋದ ವರ್ಷ ಗಿರಾಕಿಯೊಬ್ಬರ ಮನೆಯಲ್ಲಿ ಸೌದೆ ಒಲೆಯಲ್ಲಿ ಬೆಂದ ಪಿಜ್ಜಾ ತಿಂದು ಬಂದಿದ್ದಳು. ಅಂಚು ಅಲ್ಲಲ್ಲಿ ಕಪ್ಪಿಟ್ಟು, ನಡುವೆ ಮೆತ್ತಗೆ. ಅಂದೇ ಇಂಥದ್ದೊಂದು ಒಲೆ ನಮ್ಮ ಹಿತ್ತಿಲಲ್ಲೂ ಆಗಬೇಕೆಂದು ಹಟ ಹಿಡಿದಿದ್ದಳು.

ಆ ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮುಂದೆ ಕೂತವಳ ಕೈಯಲ್ಲಿ ಅಂಗಡಿಯವನೊಬ್ಬನ ದೊಡ್ಡ ಕೊಡೆಯ ಬಟ್ಟೆಯಿತ್ತು. ಎಂಟು ತುಂಡು. ಪ್ರತಿ ತುಂಡೂ ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು. ನಾಲ್ಕನೆಯದನ್ನು ಜೋಡಿಸುತ್ತಿದ್ದಂತೆ ಅವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಎದ್ದವಳೇ ಹಿತ್ತಿಲಿಗೆ ಓಡಿದಳು.

"ಲೋ, ನೀನು ಇಟ್ಟಿಗೆನ ಇದ್ದ ಹಾಗೇ ಇಟ್ಟು, ಸಂದಿಗೆಲ್ಲ ಗಾರೆ ತುಂಬಿದ್ದೀಯ. ಭಾರ ಎಲ್ಲ ಹೊಲಿಗೆ ಮೇಲೆ ಬಿಟ್ರೆ ಹರಿಯದೆ ಇರತ್ತಾ? ಮೊದಲು ಇಟ್ಟಿಗೆ ಕತ್ತರಿಸಬೇಕು!"

"ಇಟ್ಟಿಗೆಗೂ ಅಂಗಿ ಹೊಲಿತೀರಾ ಅತ್ತಿಗೆ?" ಮೈದುನ ಬಿದ್ದು ಬಿದ್ದು ನಕ್ಕ.

"ಕತ್ತರಿಸೋದು ನೀನು. ಅಳತೆ ನನ್ನದು."

ಕಟ್ಟೆಯ ಮೇಲೆ ಒದ್ದೆ ಮರಳು ಸುರಿದು ಗುಡ್ಡೆ ಮಾಡಿಸಿ, ಅಂಗೈಯಿಂದ ತಟ್ಟಿ ತಟ್ಟಿ ಗುಂಡಗೆ ಮಾಡಿದಳು. ಗಂಡನ ಕೈಯಿಂದ ಪತ್ರಿಕೆ ಕಿತ್ತುಕೊಂಡಳು. "ಏಯ್, ಓದಿ ಮುಗಿದಿಲ್ಲ ಕಣೇ!" "ನಾಳೆ ಇದಕ್ಕಿಂತ ಹೊಸ ಸುದ್ದಿ ಬರತ್ತೆ ರೀ." ಕೊಡೆಯ ತುಂಡಿನಂತೆಯೇ ಕಾಗದ ಕತ್ತರಿಸಿ ಮರಳಿನ ಮೇಲೆ ಹೊದಿಸಿದಳು. ಇಟ್ಟಿಗೆಯ ಸಾಲಿಗೊಂದರಂತೆ ವರಸೆ ವರಸೆಗೂ ಗೆರೆ ಎಳೆದು, ಒಂದೊಂದು ವರಸೆಯ ಇಟ್ಟಿಗೆ ಎಷ್ಟು ಸಣ್ಣಗಾಗಬೇಕೆಂದು ರಟ್ಟಿನ ಮಾದರಿ ಮಾಡಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಇಟ್ಟಿಗೆಗಳಿಗೆ ಸಂಖ್ಯೆ ಬರೆದಳು. ಮೈದುನ ಅವನ್ನು ಕತ್ತರಿಸಿ ಮರಳಿನ ಗುಡ್ಡೆಯ ಮೇಲೆ ಜೋಡಿಸತೊಡಗಿದ. ಮೂರನೇ ವರಸೆ ಏರುವಷ್ಟರಲ್ಲಿ ಅವನ ನಗು ನಿಂತಿತ್ತು. ಇಟ್ಟಿಗೆಗಳು ಒಂದಕ್ಕೊಂದು ಹೆಗಲು ಕೊಟ್ಟು ಕೂತಿದ್ದವು. ಸಂದಿಯಲ್ಲಿ ಬೆರಳ ಉಗುರೂ ಹೋಗುವಂತಿರಲಿಲ್ಲ. ನೆತ್ತಿಯ ಕೊನೆಯ ಇಟ್ಟಿಗೆಯನ್ನು ಅವನು ಅವಳ ಕೈಗೇ ಕೊಟ್ಟ.

ವಾರ ಕಳೆದು ಮರಳು ತೆಗೆಯುವ ದಿನ ಬಂತು. "ಎರಡು ಸಲ ಮರ್ಯಾದೆ ಕಳ್ಕೊಂಡಿದ್ದೀನಿ, ನಾನಂತೂ ಕೈ ಹಾಕಲ್ಲ," ಎಂದ ಮೈದುನ. ಗಂಡ ಕುರ್ಚಿ ಬಿಟ್ಟು ಎದ್ದು ಬಂದಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಬಾಯಿಯಿಂದ ಬೊಗಸೆ ಬೊಗಸೆಯಾಗಿ ಮರಳು ಎಳೆದಳು. ಕೊನೆಗೆ ಒದ್ದೆ ಕಾಗದವೂ ಕಳಚಿ ಬಂತು. ತಲೆ ಒಳಗೆ ತೂರಿಸಿ ನೋಡಿದಳು. ಗುಮ್ಮಟ ಒಂದಿಂಚೂ ಅಲುಗದೆ ನಿಂತಿತ್ತು.

ನಾಲ್ಕು ದಿನ ಸಣ್ಣ ಉರಿಯಲ್ಲಿ ಒಲೆ ಒಣಗಿಸಿ, ಐದನೇ ದಿನ ಪಿಜ್ಜಾ ಹಾಕಿದರು. ಮೊದಲನೆಯದು ಒಂದು ಕಡೆ ಇದ್ದಲಾಯಿತು. ಎರಡನೆಯದನ್ನು ತಿರುಗಿಸುತ್ತ ಬೇಯಿಸಿದಳು. ಗಂಡ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈಚಾಚುತ್ತ, "ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಅವಳು ಕೇಳಿರಲಿಲ್ಲ.

ಮುಂದಿನ ವಾರ ಮೈದುನ ತನ್ನ ಹಿರಿಯ ಮೇಸ್ತ್ರಿಯನ್ನು ಕರೆತಂದ. ಆತ ಟಾರ್ಚ್ ಹಿಡಿದು ಒಲೆಯೊಳಗೆ ಇಣುಕಿ, ಇಟ್ಟಿಗೆಗಳ ಮೇಲೆ ಬೆರಳಾಡಿಸಿ, ತಲೆ ಹೊರಗೆಳೆದು ಕೇಳಿದ: "ಇದರ ಲೆಕ್ಕ ಹಾಕಿದ ಮೇಸ್ತ್ರಿ ಯಾರಯ್ಯ?"

ಮೈದುನ ಎದೆಯುಬ್ಬಿಸಿ ಅವಳತ್ತ ಕೈ ತೋರಿಸಿದ. "ನಮ್ಮತ್ತಿಗೆ!"

ಮೇಸ್ತ್ರಿ ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡು ಬಂದು ಅವಳಿಗೆ ನಮಸ್ಕರಿಸಿದ. "ಅಮ್ಮಾ, ನನ್ನ ಹತ್ರ ಇಂಥವೇ ಎರಡು ಒಲೆ ಕೆಲಸ ಇದೆ. ಮಾದರಿ ಕತ್ತರಿಸಿ ಕೊಡ್ತೀರಾ?"

ಅವಳು ಕೊರಳಲ್ಲಿ ಜೋತಿದ್ದ ಟೇಪನ್ನು ಸರಿಮಾಡಿಕೊಂಡಳು.

"ಅಳತೆ ತಂದಿಟ್ಟು ಹೋಗಿ. ಆದ್ರೆ ಶಾಲೆ ಸಮವಸ್ತ್ರದ ರಾಶಿ ಬಿದ್ದಿದೆ. ಶುಕ್ರವಾರಕ್ಕೆ ಮೊದಲು ಆಗಲ್ಲ."