ಸಂಬಂಧವಿಲ್ಲದ ಕಾಲೇಜು

ಜೂನ್ ತಿಂಗಳಲ್ಲಿ ಕಾಶಿಯ ಮಠದ ಅಡುಗೆಮನೆಯೊಳಗೆ ಒಂದು ತಾಸು ನಿಂತವರಿಗೆ ಗಿರಿಜಾದೇವಿಯ ಕೈ ಯಾಕೆ ಹಾಗೆ ಕಪ್ಪಿಟ್ಟಿದೆ ಎಂದು ತಿಳಿದೀತು. ಎರಡು ದೊಡ್ಡ ಒಲೆ, ಒಂದು ಸಣ್ಣ ಕಿಟಕಿ. ಕಿಟಕಿಯಿಂದ ಒಳಗೆ ಬರುವುದೂ ಬಿಸಿಗಾಳಿಯೇ. ಕಲಬುರಗಿ ಕಡೆಯ ಯಾತ್ರಿಕರ ಬಸ್ಸು ಬಂತೆಂದರೆ ನೂರೈವತ್ತು ಜನಕ್ಕೆ ಅನ್ನ, ಸಾರು, ಪಲ್ಯ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅವಳದು ಇದೇ ಬದುಕು. ಮಠದವರು ಕೊಟ್ಟ ಒಂದು ಕೋಣೆಯಲ್ಲಿ ಅವಳೂ ಮಗಳು ರೇಖಾಳೂ ಇದ್ದರು.

ರೇಖಾ ಕಾಶಿಯಲ್ಲೇ ಬೆಳೆದವಳು. ಅವ್ವನ ಜೊತೆ ಕನ್ನಡ, ಹೊರಗೆ ಹಿಂದಿ, ಸಿಟ್ಟು ಬಂದರೆ ಭೋಜಪುರಿ. ಚಿಕ್ಕಂದಿನಿಂದ ಅವಳದೊಂದು ಪ್ರಶ್ನೆಯಿತ್ತು. ಮಠಕ್ಕೆ ಬರುವ ನೇಪಾಳದವರು ಪಾಸ್‌ಪೋರ್ಟ್ ಇಲ್ಲದೆ ಬರುತ್ತಾರೆ, ಪಕ್ಕದ ಬಂಗಾಲಿ ಟೋಲಾ ಓಣಿಯ ಲಾಡ್ಜಿಗೆ ಬರುವ ಶ್ರೀಲಂಕಾದವರಿಗೆ ಪಾಸ್‌ಪೋರ್ಟ್ ಬೇಕೇಬೇಕು. ಯಾಕೆ? ಕೇಳಿದವರೆಲ್ಲ ನಕ್ಕು ಸುಮ್ಮನಾದರು. ಹನ್ನೆರಡನೆಯ ತರಗತಿ ಮುಗಿದಾಗ ಇದಕ್ಕೆಂದೇ ಒಂದು ಓದು ಇದೆಯೆಂದು ಅವಳಿಗೆ ಗೊತ್ತಾಯಿತು. ಅಂತರರಾಷ್ಟ್ರೀಯ ಸಂಬಂಧ.

ಹೆಸರು ದೊಡ್ಡದು, ಬಾಗಿಲು ಸಣ್ಣದು. ಪ್ರವೇಶ ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ದೊಡ್ಡ ವಿಶ್ವವಿದ್ಯಾಲಯ ಸೀಟು ಕೊಡಲಿಲ್ಲ. ಖಾಸಗಿಯವರು ಅಂಕ ಕೇಳಲಿಲ್ಲ, ಆದರೆ ಅವರ ಒಂದು ವರ್ಷದ ಫೀಜೆಂದರೆ ಗಿರಿಜಾದೇವಿಯ ಮೂರು ವರ್ಷದ ಸಂಬಳ. ಕಡಿಮೆ ಅಂಕಕ್ಕೂ ಕಡಿಮೆ ದುಡ್ಡಿಗೂ ಒಪ್ಪುವ ಕಾಲೇಜು ಎಲ್ಲಾದರೂ ಇದ್ದೀತೆಂದು ತಾಯಿ ಮಗಳು ಆಟೋ ಹತ್ತಿ ಇಳಿದು ಏಳು ಕಡೆ ಅಲೆದರು. ಇಂಥ ವಿಷಯವೇ ನಮ್ಮಲ್ಲಿಲ್ಲ ಎಂದರು ಎಲ್ಲರೂ.

"ಲಂಕಾದಾಗ ಕಾಲೇಜು ಕೇಳಲತ್ತೀವಿ" ಎಂದು ಗಿರಿಜಾದೇವಿ ಫೋನಿನಲ್ಲಿ ಹೇಳಿದ್ದಕ್ಕೆ ಅಫಜಲಪುರದ ತಂಗಿ ಹೌಹಾರಿದಳು.

"ಸಮುದ್ರಾ ದಾಟಿ ಕಳಸ್ತೀ ಏನ್ ಅಕ್ಕಾ, ಹೆಣ್ಣಮಗಳನ್ನ?"

ಲಂಕಾ ಎಂದರೆ ಕಾಶಿಯ ವಿಶ್ವವಿದ್ಯಾಲಯದ ಗೇಟಿನೆದುರಿನ ಪೇಟೆ. ಕೋಚಿಂಗ್ ಸೆಂಟರು, ಪುಸ್ತಕದಂಗಡಿ, ಅಗ್ಗದ ಊಟ. ಅಲ್ಲಿಯೇ ಅವರಿಗೆ ಕಾಂತೇಶ್ ಸಿಕ್ಕಿದ್ದು. ವಿಜಯಪುರ ಕಡೆಯವನು. ಕೆಳಗೆ ಮೆಸ್ಸು, ಮೇಲೆ 'ಅಡ್ಮಿಷನ್ ಸಲಹಾ ಕೇಂದ್ರ'. ತಾಯಿ ಮಗಳ ಮಾತು ಕಿವಿಗೆ ಬಿದ್ದದ್ದೇ ಓಡಿ ಬಂದ.

"ಅಯ್ಯ, ನಮ್ಮವರ! ಬರ್ರಿ ಅಕ್ಕಾ, ಬರ್ರಿ. ನೀರ್ ಕುಡೀರಿ."

ಹನ್ನೊಂದು ವರ್ಷದಲ್ಲಿ ಪೇಟೆಯಲ್ಲಿ ಯಾರೂ ಅವಳನ್ನು ಅಕ್ಕಾ ಎಂದು ಕರೆದಿರಲಿಲ್ಲ. ಗಿರಿಜಾದೇವಿ ಅಲ್ಲಿಯೇ ಕರಗಿಹೋದಳು. ಪರದೇಶದಂಥ ಊರಿನಲ್ಲಿ ಕನ್ನಡ ಆಡಿದವನೆಲ್ಲ ಒಡಹುಟ್ಟಿದವನೇ ಎಂದುಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ರಿಂಗ್ ರೋಡಿನಾಚೆ ಒಂದು ಕಾಲೇಜಿದೆ ಎಂದ ಕಾಂತೇಶ್. ಬಿ.ಎ., ಅಂತರರಾಷ್ಟ್ರೀಯ ಸಂಬಂಧ. ಪ್ರವೇಶ ಪರೀಕ್ಷೆಯಿಲ್ಲ, ಅಂಕದ ಹಂಗಿಲ್ಲ.

"ಫೀಜು ಅರ್ಧಾ ಕಟ್ರಿ ಸಾಕು. ಉಳಿದ ಅರ್ಧಾ ನಾ ಮಾತಾಡಿ ಮುಗಸ್ತೀನಿ. ನೀವು ನಮ್ ಮೆಸ್ಸಿಗಿ ಜ್ವಾಳದ ರೊಟ್ಟಿ ಬಡದು ಕೊಡ್ರಿ. ಯುನಿವರ್ಸಿಟಿ ಡಾಕ್ಟರು, ಮಾಸ್ತರು ಎಲ್ಲಾ ನಮ್ ಕಡಿಯವ್ರ ಬರ್ತಾರ, ರೊಟ್ಟಿ ಅಂದ್ರ ಜೀವಾ ಬಿಡ್ತಾರ."

ಹೀಗೆ ಮಠದ ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಗಿರಿಜಾದೇವಿ ದಿನಾ ಲಂಕಾಕ್ಕೆ ಹೋಗಿ ಮೂರರಿಂದ ಆರರವರೆಗೆ ನೂರು ರೊಟ್ಟಿ ಬಡಿದಳು. ಹಬ್ಬವಿಲ್ಲ, ಜ್ವರವಿಲ್ಲ. ರೊಟ್ಟಿ ತಿಂದ ಪ್ರೊಫೆಸರುಗಳು ಊರು ನೆನಪಾಯಿತು ಎಂದು ಕಣ್ಣೊರೆಸಿಕೊಂಡರು. ಬಡಿದ ಕೈ ಯಾರದೆಂದು ಕೇಳುವ ಪುರುಸೊತ್ತು ಅವರಿಗೆ ಇರಲಿಲ್ಲ.

ಕಾಲೇಜಿನಲ್ಲಿ ರೇಖಾಳ ಜೊತೆ ಇನ್ನೂ ಹತ್ತು ಹುಡುಗಿಯರು. ನೇಯ್ಗೆಯವರ ಮಕ್ಕಳು, ದೋಣಿಯವರ ಮಕ್ಕಳು, ಮಿರ್ಜಾಪುರದ ಕಲ್ಲು ಒಡೆಯುವವರ ಒಬ್ಬ ಮಗಳು. ಒಬ್ಬ ಮಾಸ್ತರು ವಾರಕ್ಕೆರಡು ಸಲ ಬಂದು ವಿಶ್ವಸಂಸ್ಥೆಯ ಬಗ್ಗೆ ಹೇಳುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವನೂ ಬರುವುದು ನಿಂತಿತು, ಸಂಬಳ ಸಿಕ್ಕಿರಲಿಲ್ಲವಂತೆ. ಹುಡುಗಿಯರೇ ಹಳೆಯ ಪುಸ್ತಕ ತಂದು ಒಬ್ಬರಿಗೊಬ್ಬರು ಓದಿಕೊಂಡರು. ರೇಖಾ ಪಾಸ್‌ಪೋರ್ಟ್ ಬೇಡವೆನ್ನುವ ನೇಪಾಳದ ಒಪ್ಪಂದದ ಕಥೆ ಕಲಿತು ಬಂದು ಅವ್ವನಿಗೆ ಹೇಳಿದಳು. ಅವ್ವನಿಗೆ ಅರ್ಧ ತಿಳಿಯಿತು, ಹೆಮ್ಮೆ ಮಾತ್ರ ಪೂರ್ತಿ ಆಯಿತು.

ಪರೀಕ್ಷೆಗೆ ಎಂಟು ದಿನವಿದ್ದಾಗ ಹಾಲ್ ಟಿಕೆಟ್ ಬಂತು. ಅದರಲ್ಲಿ ರೇಖಾಳ ಹೆಸರಿತ್ತು, ಫೋಟೋ ಇತ್ತು. ವಿಷಯ ಎಂಬಲ್ಲಿ 'ಗೃಹವಿಜ್ಞಾನ' ಎಂದಿತ್ತು. ಹನ್ನೊಂದು ಹುಡುಗಿಯರದೂ ಹಾಗೆಯೇ.

ತಾಯಿ ಮಗಳು ಕಾಲೇಜಿಗೆ ಓಡಿದರು. ಮ್ಯಾನೇಜರು ಪಾನ್ ಅಗಿಯುತ್ತ ಹಿಂದಿಯಲ್ಲಿ ಹೇಳಿದ: ಆ ವಿಷಯಕ್ಕೆ ವಿಶ್ವವಿದ್ಯಾಲಯದ 'ಸಂಬದ್ಧತಾ' ಸಿಕ್ಕಿಲ್ಲ, ಗೃಹವಿಜ್ಞಾನಕ್ಕೆ ಇದೆ, ಅದಕ್ಕೇ ಎಲ್ಲರ ಹೆಸರನ್ನೂ ಅದರಲ್ಲಿ ನೋಂದಾಯಿಸಿದ್ದೇವೆ, ಡಿಗ್ರಿ ಬಂದರೆ ಸಾಕಲ್ಲ?

"ಸಂಬದ್ಧತಾ ಅಂದ್ರೇನ?" ಗಿರಿಜಾದೇವಿ ಮಗಳ ಕಡೆ ನೋಡಿದಳು. ಅವಳಿಗೆ ಗೊತ್ತಿದ್ದದ್ದು ಅಸಂಬದ್ಧ ಎನ್ನುವ ಮಾತೊಂದೇ.

"ಮತ್ಲಬ್, ಯುನಿವರ್ಸಿಟಿ ಜೋಡಿ ರಿಶ್ತಾ, ಅವ್ವಾ. ನಮ್ಮ ಸಬ್ಜೆಕ್ಟಿನಾಗ ಈ ಕಾಲೇಜಿಗಿ ಆ ಸಂಬಂಧನ ಇಲ್ಲ."

"ಸಂಬಂಧಾ ಕಲಸೋ ಕಾಲೇಜಿಗೇನ ಸಂಬಂಧ ಇಲ್ಲಾ?"

ಅಂದು ಮಧ್ಯಾಹ್ನ ಗಿರಿಜಾದೇವಿ ರೊಟ್ಟಿ ಬಡಿಯುವ ಮೊದಲೇ ಕಾಂತೇಶನನ್ನು ಹಿಡಿದು ಕೇಳಿದಳು.

"ನಿಂಗ ಮೊದಲ ಗೊತ್ತಿತ್ತೇನಪ್ಪಾ?"

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ನಂದೇನದ ಅಕ್ಕಾ, ಹುಡುಗುರ್ನ ಕಳಿಸೋದಷ್ಟ ನನ್ನ ಕೆಲಸ. ಆದ್ರೂ ಆಗಿದ್ದು ಚೊಲೋನ ಆಯ್ತು ನೋಡ್ರಿ. ಹೆಣ್ಣಹುಡುಗಿ, ಗೃಹವಿಜ್ಞಾನ ಓದ್ಯಾಳ ಅಂದ್ರ ಒಳ್ಳೊಳ್ಳೆ ಸಂಬಂಧ ಬರ್ತಾವ."

ಆದರೂ ಗಿರಿಜಾದೇವಿ ಅಂದು ನೂರು ರೊಟ್ಟಿ ಬಡಿದೇ ಬಂದಳು. ಬಡವರ ಸಿಟ್ಟು ಹಾಗೆಯೇ, ಮೊದಲು ಕೆಲಸ ಮುಗಿಸುತ್ತದೆ. ಕೋಣೆಗೆ ಬಂದು ಮಗಳಿಗೆ ಕೈ ಮುಗಿದಳು.

"ಪರೀಕ್ಷಾ ಬರದ ಬಿಡವ್ವಾ. ಡಿಗ್ರಿ ಡಿಗ್ರಿನ ಅಲ್ಲೇನು?"

"ಅಡಗಿ ಕಲಿಲಿಕ್ಕ ನಾ ಕಾಲೇಜಿಗಿ ಹೋಗಬೇಕಿತ್ತೇನು ಅವ್ವಾ? ನಿನ್ನ ಬಾಜೂ ಕುಂತಿದ್ರ ಸಾಕಿತ್ತಲ್ಲ." ರೇಖಾ ಗೋಡೆಗೆ ತಿರುಗಿ ಮಲಗಿದಳು. ಅವ್ವನಿಗೆ ಆ ಮಾತಿಗಿಂತ ಮಗಳು ಅಳದೆ ಇದ್ದದ್ದಕ್ಕೇ ಹೆಚ್ಚು ನೋವಾಯಿತು.

ಪರೀಕ್ಷೆಯ ದಿನ ಗಿರಿಜಾದೇವಿ ಮಠದಲ್ಲಿ ರಜೆ ಕೇಳಿಕೊಂಡು ಮಗಳ ಜೊತೆ ಕಾಲೇಜಿಗೆ ಹೋದಳು. ರೇಖಾ ಅವ್ವನ ಮುಖ ನೋಡಿ ಒಳಗೆ ಹೋದಳು. ಅರ್ಧ ತಾಸಾಗಿರಲಿಲ್ಲ, ಹನ್ನೊಂದು ಹುಡುಗಿಯರೂ ಸಾಲಾಗಿ ಹೊರಗೆ ಬಂದರು.

"ಯಾಕ? ಏನ್ ಕೇಳಿದ್ರ?"

"ಬಡವರ ಮನ್ಯಾಗ ಐದು ಮಂದಿಗಿ ಒಂದು ದಿನಕ್ಕ ಏನೇನು ಅಡಗಿ ಮಾಡಬೇಕು, ಪಟ್ಟಿ ಬರೀರಿ ಅಂತ."

ಗಿರಿಜಾದೇವಿಗೆ ನಗು ಬಂದುಬಿಟ್ಟಿತು. ಆ ನಗು ಕಣ್ಣಲ್ಲಿ ನೀರಾಯಿತು.

"ನೀ ಏನ್ ಬರದಿ?"

"ನಾನು ಸೇರಿದ್ದು ಅಂತರರಾಷ್ಟ್ರೀಯ ಸಂಬಂಧಕ್ಕ, ಇದು ನನ್ನ ಸಬ್ಜೆಕ್ಟ್ ಅಲ್ಲ ಅಂತ ಬರದು ಸಹಿ ಮಾಡದೆ. ನಾವು ಹನ್ನೊಂದು ಮಂದೀನೂ ಅದನ್ನ ಬರದೀವಿ."

ಮ್ಯಾನೇಜರು ಹಿಂದೆಯೇ ಬಂದ. "ಪರ್ಚಾ ಛೋಡಾ ಹೈ ತೋ ಮಾರ್ಕ್‌ಶೀಟ್ ಭೂಲ್ ಜಾಓ" ಎಂದು ಕೂಗಿ, ಪರೀಕ್ಷೆ ಬಿಟ್ಟವರು ಅಂಕಪಟ್ಟಿಯನ್ನೂ ಮರೆತುಬಿಡಿ ಎಂದು ಗೇಟಿಗೆ ಬೀಗ ಹಾಕಿಸಿದ. ಸೇರುವಾಗ ಕೊಟ್ಟಿದ್ದ ಹನ್ನೆರಡನೆಯ ತರಗತಿಯ ಅಸಲು ಅಂಕಪಟ್ಟಿಗಳು ಅವನ ಕಪಾಟಿನಲ್ಲಿದ್ದವು. ಮೂರೂ ವರ್ಷದ ಫೀಜು ಕಟ್ಟಿದರೆ ಕೊಡುವನಂತೆ. ಆ ಕಾಗದವಿಲ್ಲದೆ ಬೇರೆ ಯಾವ ಕಾಲೇಜಿಗೂ ಹೋಗುವಂತಿಲ್ಲ. ಒಂದು ವರ್ಷ ಹೋಗಿತ್ತು, ಈಗ ಮುಂದಿನ ವರ್ಷಗಳಿಗೂ ಅವನು ಬೀಗ ಹಾಕಿದ್ದ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಗಿರಿಜಾದೇವಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೇಟಿನ ಮುಂದೆ, ಸುಡುವ ಟಾರಿನ ಮೇಲೆಯೇ ಕುಳಿತಳು. ಬಾ ಎಂದು ಯಾರನ್ನೂ ಕರೆಯಲಿಲ್ಲ. ಮೊದಲು ಮಿರ್ಜಾಪುರದ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು, ಆಮೇಲೆ ಉಳಿದವರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿದು ಮೂವರು ತಾಯಂದಿರು ಬಂದರು, ದೋಣಿ ಬಿಟ್ಟು ಒಬ್ಬ ತಂದೆ ಬಂದ. ಗೇಟು ತೆರೆಯಲಿಲ್ಲ. ಪೊಲೀಸರ ಜೀಪು ಬಂದು ನಿಂತು, ಮ್ಯಾನೇಜರಿನ ಚಹಾ ಕುಡಿದು ಹೋಯಿತು.

ಮೂರೂವರೆಗೆ ಕಾಂತೇಶನ ಫೋನು ಬಂತು.

"ಅಕ್ಕಾ, ಎಲ್ಲಿದ್ದೀರಿ? ರೊಟ್ಟಿ? ಹಿಟ್ಟು ಹಂಗ ಅದ."

"ಹಿಟ್ಟು ಇರ್ಲಿ. ಹನ್ನೊಂದು ಹುಡುಗ್ಯಾರ ಕಾಗದಾ ಇಸ್ಕೊಂಡು ಇಲ್ಲಿಗಿ ಬಾ. ಇಲ್ಲಾಂದ್ರ ಊಟಕ್ಕ ಬರೋ ಮಾಸ್ತರುಗೋಳಿಗಿ ಹೇಳು, ರೊಟ್ಟಿ ಬಡಿಯೋ ಹೆಂಗಸು ಯಾಕ ಬಂದಿಲ್ಲಾ ಅಂತ."

ಫೋನು ಬಂದ್ ಮಾಡಿದಳು. ಪಕ್ಕದಲ್ಲಿ ರೇಖಾಳ ಭುಜ ಅಲುಗಿತು. ಎಂಟು ದಿನದಿಂದ ಅಳು ಬಿಗಿಹಿಡಿದಿದ್ದ ಹುಡುಗಿ ಈಗ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಮಂದಿ ನೋಡುತ್ತಾರೆಂದು ಎದ್ದು ಗೋಡೆಯ ಮರೆಗೆ ಹೋಗಲು ಹೊರಟಳು. ಗಿರಿಜಾದೇವಿ ಅವಳ ರಟ್ಟೆ ಹಿಡಿದು ಕೂರಿಸಿದಳು.

"ಅಳೋದಿದ್ರ ಇಲ್ಲೇ ಅಳು" ಎಂದಳು. "ಏಳಬ್ಯಾಡ."