ಗಡಿಯಾರ ನಿಂತಾಗ ಬರುವ ಫೋನು

ಸಂಜೆ ಚಹಾ ಕುಡಿಯುವ ಹೊತ್ತಿಗೆ ಶಿವದೇವಿಯ ಎಡಗೈಯ ಸ್ಮಾರ್ಟ್‌ವಾಚ್ ಒಮ್ಮೆ ನಡುಗಿ ಕಪ್ಪಾಯಿತು. ಆಕೆ ಚಹಾದ ಕಪ್ಪನ್ನು ಕೆಳಗಿಟ್ಟು, ಟೀಪಾಯಿಯ ಮೇಲಿದ್ದ ಫೋನನ್ನು ತನ್ನ ಕಡೆಗೆ ಸರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅದು ರಿಂಗಾಯಿತು.

"ಯವ್ವಾ, ಮತ್ತ ವಾಚ್ ಬಂದ್ ಆತೇನು?" ಶಂಶಾಬಾದಿನಿಂದ ಮಗ ವಿನಾಯಕ. "ಎದಿ ಗಿದಿ ನೋಯಾಕತ್ತಿಲ್ಲಲ್ಲ?"

"ಇಲ್ಲಪಾ, ಆರಾಮ ಅದೀನಿ. ನೀ ಉಂಡಿ?"

"ಈ ಹೊತ್ತಿನ್ಯಾಗ ಯಾರ್ ಉಣ್ತಾರಬೇ? ಶಾಮಿಗೆ ಕೊಡು."

ಮಗಳು ಶಾಮಲಾ ಬೇಗಂಪೇಟೆಯ ಆಫೀಸಿನಿಂದ ಆಗಷ್ಟೇ ಬಂದಿದ್ದಳು. ಹೆಗಲ ಬ್ಯಾಗನ್ನೂ ಇಳಿಸದೆ ಫೋನ್ ಹಿಡಿದಳು.

"ಒಂದು ವಾಚ್ ಚಾರ್ಜ್ ಮಾಡಾಕ ಆಗೂದಿಲ್ಲೇನ ನಿಂಗ?"

"ಮಾಡೀನಿ ಅಣ್ಣಾ. ಬ್ಯಾಟರಿ ಹಳೇದಾಗೇತಿ."

"ನನ್ನ ಕೈಯಾಗ ಛಲೋ ಇತ್ತು. ನಿಮ್ಮ ಕೈಗೆ ಬಂದಮ್ಯಾಲೆ ಹಳೇದಾತೇನು?"

ಅಷ್ಟು ಹೇಳಿ ಅವನು ಫೋನ್ ಇಟ್ಟ. ತಾಯಿ ಚಹಾ ಮುಗಿಸಿ, ಖುಷಿಯಲ್ಲಿ ಸೊಪ್ಪು ಸೋಸಲು ಕುಳಿತಳು. "ಗಂಟಲು ಕಟ್ಟೇತಿ ಅವಂಗ. ಕೇಳಿದ್ಯಾ? ಏರ್‌ಪೋರ್ಟಿನ ಏಸಿ ಆಗಿಬರೂದಿಲ್ಲ ಅದಕ್ಕ" ಎಂದಳು.

ವಾಚು ಮೊದಲು ವಿನಾಯಕನದೇ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಅವನಿಗೆ ಬಡ್ತಿಯಾದಾಗ ಹೊಸದು ಕೊಂಡ. ಅದೇ ತಿಂಗಳು ಶಿವದೇವಿ ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಕುಸಿದಿದ್ದರಿಂದ ಹಳೆಯದನ್ನು ತಾಯಿಯ ಕೈಗೆ ಕಟ್ಟಿದ. ಎದೆಬಡಿತ ಹೆಚ್ಚುಕಡಿಮೆಯಾದರೆ, ಅಥವಾ ವಾಚು ಆರಿಹೋದರೆ ತನ್ನ ಫೋನಿಗೆ ಸದ್ದು ಬರುವಂತೆ ಮಾಡಿಕೊಂಡ. ಅದಕ್ಕೆ ಮುಂಚೆ ಅವನ ಫೋನು ದೀಪಾವಳಿಗೆ, ಯುಗಾದಿಗೆ, ಅಪ್ಪನ ಪುಣ್ಯತಿಥಿಗೆ ಬರುತ್ತಿತ್ತು. ಪುಣ್ಯತಿಥಿಗೆ ಒಂದೊಂದು ವರ್ಷ ಅದೂ ತಪ್ಪುತ್ತಿತ್ತು. ಊರು ಒಂದೇ ಆದರೂ ಶಂಶಾಬಾದ್ ದೂರ, ಟ್ರಾಫಿಕ್ ಬಹಳ, ಹೆಂಡತಿ ಲಹರಿಗೂ ಕೆಲಸ. ಕಾರಣಗಳೆಲ್ಲ ನಿಜವೇ ಆಗಿದ್ದವು. ಬ್ಯಾಟರಿ ಸೋಲತೊಡಗಿದ ಮೇಲೆ ಮಾತ್ರ ಅವನ ಫೋನು ವಾರದಲ್ಲಿ ಮೂರು ನಾಲ್ಕು ಸಲ ಬರತೊಡಗಿತು.

ವಾಚನ್ನು ಚಾರ್ಜಿಗಿಡಲು ಶಾಮಲಾ ಗೊತ್ತು ಮಾಡಿದ್ದ ಹೊತ್ತು ತಾಯಿಯ ಲಿಂಗಪೂಜೆ. ಶಿವದೇವಿ ಸ್ನಾನ ಮುಗಿಸಿ ಬಂದು, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವಳು. ಆ ಕೈಯಲ್ಲಿ ಬೇರೇನೂ ಇರುವಂತಿಲ್ಲ. ವಾಚು ಹೇಗೂ ಬಿಚ್ಚಲೇಬೇಕು. ವಿಭೂತಿ, ಪತ್ರಿ, ಮಂತ್ರ, ಆಮೇಲೆ ಅಂಗೈಯನ್ನೇ ದಿಟ್ಟಿಸುತ್ತಾ ಕೂರುವ ಉದ್ದನೆಯ ಮೌನ. ಅಷ್ಟರಲ್ಲಿ ವಾಚು ತುಂಬುತ್ತಿತ್ತು. ಈ ವ್ಯವಸ್ಥೆ ತನಗೆ ಹೊಳೆದದ್ದಕ್ಕೆ ಶಾಮಲಾಗೆ ಸ್ವಲ್ಪ ಸಮಾಧಾನವೂ ಇತ್ತು.

ಇತ್ತೀಚೆಗೆ ಆ ಪೂಜೆ ಚಿಕ್ಕದಾಗುತ್ತಿತ್ತು. ಶಾಮಲಾ ಡಬ್ಬಿ ಕಟ್ಟುವುದರೊಳಗೆ ತಾಯಿ ಎದ್ದು, ಅರೆತುಂಬಿದ ವಾಚನ್ನು ಕೈಗೆ ಕಟ್ಟಿಕೊಂಡು ಬಂದುಬಿಡುವಳು.

"ಪೂಜಾ ಆತೇನಬೇ ಇಷ್ಟ್ ಲಗೂನ?"

"ಶಿವನಿಗೇನು ಗಡಿಯಾರ ಐತೇನ? ಆತು."

ಮಂಡಿ ನೋಯುತ್ತಿರಬೇಕು, ಹೇಳುತ್ತಿಲ್ಲ ಎಂದು ಶಾಮಲಾ ಅಂದುಕೊಂಡಳು. ಬಸ್ಸಿನಲ್ಲಿ ಅದೇ ಚಿಂತೆ. ಆಫೀಸಿನಲ್ಲಿ ಅಣ್ಣನ ಮಾತಿನ ಚಿಂತೆ. ತಾನು ಎಲ್ಲೋ ಏನೋ ತಪ್ಪಿಸುತ್ತಿದ್ದೇನೆ ಎಂಬುದು ಅವಳಿಗೆ ಎಲ್ಲ ವಿಷಯದಲ್ಲೂ ಅನಿಸುವುದೇ.

ಒಂದು ಬೆಳಿಗ್ಗೆ ವಾಚಿನ ಗಾಜು ಒಂದು ಬದಿಗೆ ಎದ್ದು ನಿಂತಿತ್ತು. ಶಾಮಲಾ ಗಾಬರಿಯಿಂದ ಅದನ್ನು ಕೇಳಿದಾಗ ತಾಯಿ ಕೈ ಹಿಂದೆ ಎಳೆದುಕೊಂಡಳು.

"ಇರ್ಲಿ ಬಿಡ. ನಡೀತದ."

"ಎಲ್ಲಿ ನಡೀತದಬೇ? ಸುಟ್ಟುಗಿಟ್ಟೀತು."

ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯ ರಾಮದಾಸ ಅದನ್ನು ನೋಡಿದ್ದೇ, "ಬ್ಯಾಟರಿ ಉಬ್ಬಿಪೋಯಿಂದಿ ಮೇಡಂ" ಎಂದ. ಇನ್ನು ಕೈಗೆ ಕಟ್ಟಬೇಡಿ ಎಂದು ತೆಲುಗಿನಲ್ಲೇ ಎಚ್ಚರಿಸಿದ. ಅಂಟು ಬಿಸಿ ಮಾಡಿ ಗಾಜು ಬಿಡಿಸಿ, ಪುಟ್ಟ ತಲೆದಿಂಬಿನಂತೆ ಊದಿದ್ದ ಬ್ಯಾಟರಿಯನ್ನು ತೆಗೆದು ಹೊಸದು ಕೂರಿಸಿದ. ನೀರು ಮಾತ್ರ ತಾಗಿಸಬೇಡಿ ಎಂದ. ಶಾಮಲಾ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಅಣ್ಣನಿಗೆ ಬರೆದಳು: 'ಹೊಸ ಬ್ಯಾಟರಿ ಹಾಕಿಸೀನಿ. ಇನ್ನು ನಿನಗ ಚಿಂತಿ ಇಲ್ಲ.' ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟಕ್ಕೇ ಅವಳ ಹೆಗಲು ಹಗುರಾಯಿತು.

ವಾಚು ಈಗ ಆರಲಿಲ್ಲ. ಸಂಜೆಯ ಚಹಾದ ಹೊತ್ತಿಗೂ ಬೆಳಗುತ್ತಲೇ ಇರುತ್ತಿತ್ತು. ಫೋನು ಸುಮ್ಮನಿರುತ್ತಿತ್ತು.

"ಸೇದಿಗೊಳ್ಳಾಕ ಭಾಳ ಐತೇನು ಇದರಾಗ?" ಶಿವದೇವಿ ಒಂದು ದಿನ ಕೈ ಎತ್ತಿ ಕೇಳಿದಳು, ಬಾವಿಯ ಬಗ್ಗೆ ಕೇಳುವವಳಂತೆ.

"ಎರಡು ದಿನಕ್ಕ ಸಾಕಾಗತೈತಿ. ಯಾಕ?"

"ಏನಿಲ್ಲ. ವಿನ್ಯಾಂದು ಗಂಟಲು ಕಮ್ಮಿ ಆತೋ ಏನೋ."

"ನೀನ ಮಾಡಿ ಕೇಳಬೇ."

"ಡ್ಯೂಟಿಯಾಗ ಇರ್ತಾನ. ನಾ ಮಾಡಿದ್ರ 'ಏನಾತು, ಲಗೂ ಹೇಳು' ಅಂತಾನ. ಏನೂ ಆಗಿರೂದಿಲ್ಲ. ಏನ್ ಹೇಳ್ಲಿ?"

ಶಾಮಲಾಗೆ ಆಗಲೂ ಅದು ಪೂರ್ತಿ ಹೊಳೆಯಲಿಲ್ಲ. ಹೊಳೆದದ್ದು ಭಾನುವಾರ. ಮಧ್ಯಾಹ್ನದ ಬಿಸಿಲು ಹಜಾರದ ತುಂಬ ಬಿದ್ದಿತ್ತು. ಶಿವದೇವಿ ತೊಗರಿಬೇಳೆಯ ಮೊರ ಹಿಡಿದು ಕುಳಿತಿದ್ದಳು. ಆಕೆಯ ನೂಲಿನ ಸೆರಗಿನೊಳಗಿಂದ ಬಿಳಿ ಬೆಳಕು ಕಾಣುತ್ತಿತ್ತು. ಶಾಮಲಾ ಸೆರಗು ಸರಿಸಿದಳು. ವಾಚಿನ ಟಾರ್ಚು ಉರಿಯುತ್ತಿತ್ತು, ಕೈಯೇ ಬೆಚ್ಚಗಾಗಿತ್ತು.

"ಏನಬೇ ಇದು?"

"ಕಲ್ಲು ಆರಸಾಕ ಬೆಳಕು ಬೇಕಿತ್ತು."

"ಇಂಥಾ ಬಿಸಲಾಗ?"

ತಾಯಿ ಬೇಳೆಯಲ್ಲಿ ಇಲ್ಲದ ಕಲ್ಲೊಂದನ್ನು ಹುಡುಕಿದಳು. ಚಿಕ್ಕದಾದ ಪೂಜೆ, ಅರೆತುಂಬಿದ ವಾಚು, ಹತ್ತಿರಕ್ಕೆ ಸರಿಸಿಕೊಂಡ ಫೋನು ಎಲ್ಲ ಶಾಮಲಾಗೆ ಒಟ್ಟಿಗೆ ಅರ್ಥವಾದವು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಲೋಕ ಮರೆಯುತ್ತಿದ್ದ ಹೆಂಗಸು ಚಾರ್ಜು ತುಂಬಿಬಿಟ್ಟೀತೆಂದು ಅವಸರದಲ್ಲಿ ಏಳುತ್ತಿದ್ದಳು. ಮಂಡಿ ನೋವಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿ ತಾನು ನಿಲ್ಲಿಸಿದ್ದು ಅಣ್ಣನ ಬೈಗುಳವನ್ನಷ್ಟೇ ಅಲ್ಲ.

ಟಾರ್ಚು ಆರಿಸಲು ಚಾಚಿದ್ದ ಬೆರಳನ್ನು ಅವಳು ಹಿಂದೆ ತೆಗೆದುಕೊಂಡಳು. ಮೊರದ ಇನ್ನೊಂದು ಬದಿಗೆ ಕುಳಿತು ತಾನೂ ಬೇಳೆಗೆ ಕೈ ಹಾಕಿದಳು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ವಾಚು ನಡುಗಿ ಕಪ್ಪಾಯಿತು. ಶಿವದೇವಿ ಕೈ ಒರೆಸಿಕೊಂಡು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಶಾಮಲಾ ಚಹಾ ಮಾಡಿ ತಂದಳು. ಚಹಾದ ಮೇಲೆ ಕೆನೆ ಕಟ್ಟಿತು.

ಫೋನು ರಿಂಗಾಯಿತು.

"ವಿನ್ಯಾ?"

ಅತ್ತ ಕಡೆ ಒಂದು ಹುಡುಗಿಯ ಧ್ವನಿ, ತೆಲುಗಿನಲ್ಲಿ: ಶಂಶಾಬಾದಿನಲ್ಲಿ, ಏರ್‌ಪೋರ್ಟಿಗೆ ತೀರ ಹತ್ತಿರ, ಒಳ್ಳೆಯ ಪ್ಲಾಟುಗಳಿವೆ. ಶಿವದೇವಿ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ "ನಮ್ಮ ಹುಡುಗ ಅಲ್ಲೇ ಇರ್ತಾನವಾ" ಎಂದು ಕನ್ನಡದಲ್ಲೇ ಹೇಳಿ ಇಟ್ಟಳು.

ಶಾಮಲಾ ತನ್ನ ಫೋನ್ ಹಿಡಿದು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಹೋದಳು.

"ಅಣ್ಣಾ, ವಾಚ್ ಬಂದ್ ಆಗೇತಿ. ನಿಂಗ ಸದ್ದು ಬರ್ಲಿಲ್ಲೇನು?"

"ಮತ್ತ ಬಂದ್ ಆತಾ? ಹೊಸ ಬ್ಯಾಟರಿ ಅಂದಿ?"

"ಸದ್ದು ಬರ್ಲಿಲ್ಲೇನು?"

"ಅದನ್ನ ತಗದೀನಿ ಶಾಮಿ. ನೀನ ಬರದಿದ್ದಿಯಲ್ಲ, ಇನ್ನು ಚಿಂತಿ ಇಲ್ಲ ಅಂತ. ಡ್ಯೂಟಿಯಾಗ ಒಂದ ಸವನ ಕಿರಿಕಿರಿ ಆಗ್ತಿತ್ತು. ಯವ್ವ ಆರಾಮ ಇದ್ದಾಳಲ್ಲ?"

ಅವಳು ಬರೆದ ಮಾತನ್ನು ಅವನು ಹಾಗೆಯೇ ನೆನಪಿಟ್ಟಿದ್ದ. ಶಾಮಲಾ ಬಾಲ್ಕನಿಯ ಸರಳು ಹಿಡಿದುಕೊಂಡಳು.

"ಆಕೀ ಜೋಡಿ ಒಂದೀಟು ಮಾತಾಡು."

"ಗಾಡಿ ಓಡಸಾಕತ್ತೀನಿ. ಗಚ್ಚಿಬೌಲಿಗೆ ಹೊಂಟೀವಿ, ಲಹರಿಯ ಅಕ್ಕನ ಮನ್ಯಾಗ ಊಟ ಐತಿ."

"ಒಂದ ಮಾತು. ಉಂಡ್ಯಾ ಅಂತ ಕೇಳ್ತಾಳ, ಅಷ್ಟ. ಕೊಡ್ತೀನಿ, ಇಡಬ್ಯಾಡ."

ಗಚ್ಚಿಬೌಲಿಗೆ ಅವನು ಹೋಗುತ್ತಿರುವುದನ್ನು ಹೇಳಬಾರದು ಎಂದು ಎಣಿಸುತ್ತಾ ಅವಳು ಹಜಾರಕ್ಕೆ ಬಂದಳು. ಮುಖವನ್ನು ಸರಿಮಾಡಿಕೊಳ್ಳಲು ಪ್ರಯತ್ನಿಸಿದಳು. ಫೋನು ಚಾಚಿದಳು.

"ಅಣ್ಣನ ಫೋನು."

ಶಿವದೇವಿಯ ಕೈ ಎದ್ದಿತು. ಅರ್ಧದಲ್ಲಿ ನಿಂತಿತು. ಆಕೆ ತನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಫೋನನ್ನು ನೋಡಿದಳು, ಆಮೇಲೆ ಮಗಳ ಕೈಯಲ್ಲಿದ್ದುದನ್ನು.

"ಅವನ ಮಾಡಿದ್ನಾ?"

ಹೌದು ಎಂದುಬಿಡಬೇಕಿತ್ತು. ಶಾಮಲಾಗೆ ಸುಳ್ಳು ಬೇಗ ಬಾಯಿಗೆ ಬರುವುದಿಲ್ಲ.

"ನಾ ಮಾಡಿದ್ದೆ."

"ಹಂಗಾದ್ರ ಬ್ಯಾಡ."

ಫೋನಿನಲ್ಲಿ ಹಾರ್ನಿನ ಸದ್ದು, ಲಹರಿಯ ನಗು. "ಹಲೋ? ಯವ್ವಾ? ಲಗೂ ಹೇಳಬೇ, ಸಿಗ್ನಲ್ ಬಿಡ್ತು."

ಶಿವದೇವಿ ಮೊರ ಎಳೆದುಕೊಂಡಳು. ಆರಿಸಿ ಮುಗಿದಿದ್ದ ಬೇಳೆಯನ್ನು ಮತ್ತೆ ಮೊದಲಿಂದ ಆರಿಸತೊಡಗಿದಳು. ಕಪ್ಪಾದ ವಾಚು ಮಣಿಕಟ್ಟಿನಿಂದ ಜಾರಿ ಬೇಳೆಗೆ ತಾಗುತ್ತಿತ್ತು. ಆಕೆ ಅದನ್ನು ಬಿಚ್ಚಿ, ಸಿಕ್ಕ ಕಲ್ಲನ್ನು ಇಡುವಂತೆ, ಮೊರದ ಹೊರಗಿಟ್ಟಳು.