ಬಿಳಿ ಮೂಲೆ

ಚೆಸ್ ಮಣೆಯ ಮೇಲೆ ಫರ್ಹೀನ್‌ಳ ಬಳಿ ಉಳಿದಿದ್ದು ಒಂಟಿ ರಾಜ, ಮೂಲೆಯ ಬಿಳಿ ಮನೆಯಲ್ಲಿ. ಎದುರಿಗಿದ್ದ ಮಹೇಂದ್ರ ಸರ್ ಬಳಿ ರಾಜನ ಜೊತೆಗೆ ಅಂಚಿನ ಕಾಲಾಳು, ಕಪ್ಪು ಮನೆಗಳಲ್ಲಷ್ಟೇ ಓಡಾಡುವ ಒಂಟೆ. ಕಾಲಾಳು ರಾಣಿಯಾಗಬೇಕಾದದ್ದು ಅದೇ ಮೂಲೆಯಲ್ಲಿ; ಆ ಒಂಟೆ ಎಷ್ಟು ಹೆಣಗಿದರೂ ಬಿಳಿ ಮೂಲೆಯನ್ನು ಮುಟ್ಟಲಾರದು, ರಾಜನನ್ನು ಅಲ್ಲಿಂದ ಕದಲಿಸಲಾರದು. ಆಟ ಡ್ರಾ.

ಇದನ್ನು ಅವಳಿಗೆ ಕಲಿಸಿದವರು ಇದೇ ಸರ್. ಇಪ್ಪತ್ತು ವರ್ಷದ ಹಿಂದೆ, ಯಲಹಂಕದ ಕ್ಲಾಸಿನಲ್ಲಿ, ಇಂಥದೇ ಆಟದಲ್ಲಿ ಗೆಲ್ತೀನಿ ಅಂದ ಒಂಬತ್ತರ ಫರ್ಹೀನ್‌ಳನ್ನು "ಹಂಗಾದ್ರೆ ಗೆಲ್ಲು" ಎಂದು ಡ್ರಾ ನಿಯಮದ ಐವತ್ತು ನಡೆಯನ್ನೂ ಆಡಿಸಿ, ಎಲ್ಲರೆದುರು ಮಾನ ಹರಾಜು ಹಾಕಿದ್ದರು.

ಈಗ ಸರ್‌ಗೆ ಮರೆವಿನ ಕಾಯಿಲೆ. "ಒಂದಾಟ ಆಡಮ್ಮ, ಖುಷಿ ಪಡ್ತಾರೆ" ಎಂದು ಮಗಳು ರಾಧಾಮಣಿಯೇ ಅವರನ್ನು ಫರ್ಹೀನ್ ಜಕ್ಕೂರಿನಲ್ಲಿ ನಡೆಸುವ ಕ್ಲಾಸಿಗೆ ಕರೆತಂದಿದ್ದಳು.

"ಆಟ ನಂದೇ" ಎಂದರು ಸರ್.

"ಹಂಗಾದ್ರೆ ಗೆಲ್ಲಿ ಸರ್."

ಸರ್ ಒಂಟೆಯನ್ನು ಅತ್ತ ಓಡಿಸಿದರು, ಇತ್ತ ಓಡಿಸಿದರು, ಬೆವರಿದರು. ಸುತ್ತ ನಿಂತ ಮಕ್ಕಳು ನಡೆ ಎಣಿಸುತ್ತಾ ಮೂವತ್ತರ ಹೊತ್ತಿಗೆ ನಗತೊಡಗಿದರು. ಫರ್ಹೀನ್ ಸುಮ್ಮನಿರಿ ಅನ್ನಲಿಲ್ಲ. ರಾಧಾಮಣಿ ತಲೆ ತಗ್ಗಿಸಿದಳು.

"ಐವತ್ತು!" ಎಂದು ಮಕ್ಕಳು ಕೂಗಿದರು.

ಸರ್ ಆ ಮೂಲೆಯನ್ನೇ ಬೆರಗಾಗಿ ನೋಡಿದರು. "ಎಂಥಾ ಉಪಾಯ! ಯಾರಮ್ಮ ನಿಂಗೆ ಹೇಳ್ಕೊಟ್ಟಿದ್ದು?"

ಫರ್ಹೀನ್ ಕಾಯಿಗಳನ್ನು ಡಬ್ಬಿಗೆ ಸುರಿದಳು.

"ನೆನಪಿಲ್ಲ ಸರ್."